ಫ್ರೀಜರ್ ಕೂಗಿದರೆ ಓಡಿಬರುವ ಅಕ್ಕ

ಆಸ್ಪತ್ರೆಯ ಹಿಂದಿನ ಕಾರಿಡಾರಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಾಲಿನ ಕೋಣೆಯ ಅಕ್ಕ ಫ್ರೀಜರಿನ ಬಾಗಿಲು ತೆರೆದು, ತಂತಿಯ ತುದಿಯಲ್ಲಿರುವ ಪುಟ್ಟ ಲೋಹದ ಕಡ್ಡಿಯನ್ನು ಹೊರಗೆಳೆಯುತ್ತಾರೆ. ಬಾಗಿಲು ಮುಚ್ಚಿ, ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾರೆ. ಅದು ಬೆಚ್ಚಗಾದದ್ದೇ ತಡ, ಅವರ ಫೋನು ಕಿರುಚುತ್ತದೆ.

“ಕೋಳಿಗಿಂತ ಮುಂಚೆ ನಿಮ್ಮ ಫ್ರೀಜರೇ ಕೂಗುತ್ತಲ್ಲ ಅಕ್ಕ!” ಬಾಗಿಲ ಬಳಿ ಕೂತ ಕಾವಲುಗಾರ ರೇಗಿಸುತ್ತಾನೆ.

“ಕೂಗಲಿ ಬಿಡಣ್ಣ. ಸುಮ್ನಿದ್ರೇನೇ ನಂಗೆ ಭಯ.”

ಆ ತಂತಿ ಹೋಗಿ ಸೇರುವ, ಫ್ರೀಜರಿನ ಮೇಲೆ ಕೂತಿರುವ ಬಿಳಿ ಡಬ್ಬಿ ಅಂತರ್ಜಾಲಕ್ಕೆ ಜೋಡಿಸಿದ ತಾಪಮಾಪಕ. ಮಲಗಿದಲ್ಲಿಂದಲೇ ಆರಿಸಬಹುದಾದ ದೀಪ, ನಾಡಿ ನೋಡುವ ಕೈಗಡಿಯಾರ, ಇವುಗಳ ದಾಯಾದಿ. ತನಗೆ ತಿಳಿದದ್ದನ್ನು ದೂರದಲ್ಲಿರುವ ಮನುಷ್ಯನಿಗೆ ವೈಫೈ ಮೂಲಕ ಮುಟ್ಟಿಸುವುದು ಅದರ ಕೆಲಸ. ಇಲ್ಲಿ ಅದು ಕಾಯುತ್ತಿರುವುದು ಯಾರ್ಯಾರೋ ತಾಯಂದಿರು ಕೊಟ್ಟ ಎದೆಹಾಲನ್ನು. ದಿನ ತುಂಬದೆ ಹುಟ್ಟಿ, ಹೆತ್ತಮ್ಮನ ಹಾಲು ಸಿಗದ ಕೂಸುಗಳಿಗೆ ಇದೇ ಆಹಾರ.

ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ಮುಷ್ಟಿಯ ಪರೀಕ್ಷೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಿಂದೊಮ್ಮೆ ಯಾರೋ ವೈಫೈ ಪ್ಲಗ್ ಕಿತ್ತು ತಮ್ಮ ಫೋನ್ ಚಾರ್ಜಿಗೆ ಹಾಕಿದ್ದರು. ಅದೇ ದಿನ ಫ್ರೀಜರ್ ಕೆಟ್ಟಿತು, ಡಬ್ಬಿಯ ಕೂಗು ಯಾರ ಫೋನಿಗೂ ಮುಟ್ಟಲಿಲ್ಲ. “ಸದ್ದಿಲ್ಲ ಅಂದ್ರೆ ಎಲ್ಲ ಸರಿಯಿದೆ ಅಂದ್ಕೊಂಡ್ವಿ. ಹಾಲೆಲ್ಲ ಸಿಂಕಿಗೆ ಸುರೀಬೇಕಾಯ್ತು. ನಂಗೆ ಕೈಯೇ ಬರ್ಲಿಲ್ಲ.”

ಕಳೆದ ತಿಂಗಳ ಒಂದು ಭಾನುವಾರ ಅವರು ಮನೆಯಲ್ಲಿ ತಲೆಗೆ ಶಾಂಪೂ ಹಚ್ಚಿಕೊಂಡಿದ್ದಾಗ ಫೋನು ಕಿರುಚಿತು. ನೊರೆಯ ಮೇಲೇ ಟವೆಲ್ ಸುತ್ತಿ ಮಗಳ ಸ್ಕೂಟರ್ ಹತ್ತಿದರು. ಟ್ರೇ ಅಡ್ಡ ಸಿಕ್ಕಿ ಫ್ರೀಜರಿನ ಬಾಗಿಲು ಸಂದು ಬಿಟ್ಟಿತ್ತು. ಹಾಲು ಇನ್ನೂ ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಎಲ್ಲವನ್ನೂ ಪಕ್ಕದ ಫ್ರೀಜರಿಗೆ ಸಾಗಿಸಿದರು. ಆಗ ಮೇಲಿನ ಮಹಡಿಯಲ್ಲಿ ಅಂಗೈಯಗಲದ ಗಂಡುಕೂಸೊಂದಿತ್ತು. ಅದರ ತಾಯಿ ತೀವ್ರ ನಿಗಾ ಘಟಕದಲ್ಲಿದ್ದರು. ಆ ಹಾಲು ಬಿಟ್ಟರೆ ಕೂಸಿಗೆ ಬೇರೆ ಗತಿಯಿರಲಿಲ್ಲ.

ಇವತ್ತು ತಾಯಿ, ಕೂಸು ಇಬ್ಬರೂ ಮನೆಗೆ ಹೊರಟಿದ್ದಾರೆ. ಶಿಶುಗಳ ವಾರ್ಡಿಗೆ ಅಕ್ಕನಿಗೆ ಪ್ರವೇಶವಿಲ್ಲ. ತಾವು ಕಾದ ಹಾಲು ಕುಡಿದ ಒಂದು ಮುಖವನ್ನೂ ಅವರು ಈವರೆಗೆ ಕಂಡಿಲ್ಲ. ಹಾಗಾಗಿ ತಾಯಿಯೇ ಕೂಸನ್ನೆತ್ತಿಕೊಂಡು ಹಾಲಿನ ಕೋಣೆಯ ಕಿಟಕಿಗೆ ಬಂದಿದ್ದಾರೆ.

“ನಿಮ್ಮ ಋಣ ಹೇಗೆ ತೀರಿಸ್ಲಿ ಅಕ್ಕ?”

“ನಂದೇನಮ್ಮ? ಹಾಲು ಕೊಟ್ಟೋರನ್ನ ನೆನೆಸ್ಕೋ. ಆ ಡಬ್ಬೀನೂ ನೆನೆಸ್ಕೋ, ನೆಟ್ಟಗೆ ಸ್ನಾನ ಮಾಡೋಕೂ ಬಿಡ್ಲಿಲ್ಲ ನನ್ನ.”

ತಾಯಿ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕ ಗಾಜಿಗೆ ಹಣೆ ಒತ್ತಿ ಕೂಸನ್ನೇ ದಿಟ್ಟಿಸುತ್ತಾರೆ.

“ಕೆನ್ನೆ ನೋಡು ಕಳ್ಳಂದು! ಚೆನ್ನಾಗಿ ಕುಡಿದಿದ್ದಾನೆ.”