ಎಮ್ಮೆಗಳ ಜೊತೆ ಬೋಳಿಸಿದ ನಾಯಿ

ನಾಯಿಯ ಮೈಮೇಲೆ ಎರಡು ಪದರ ಕೂದಲಿತ್ತು. ಹೊರಗಿನದು ಉದ್ದ, ಸ್ವಲ್ಪ ಒರಟು, ನೀರು ಬಿದ್ದರೆ ಜಾರಿಹೋಗುವಂಥದ್ದು. ಅದನ್ನು ಬೆರಳಿನಿಂದ ಬಿಡಿಸಿದರೆ ಒಳಗೆ ಹತ್ತಿಯಂಥ ಇನ್ನೊಂದು ಪದರ, ಚರ್ಮ ಕಾಣದಷ್ಟು ದಟ್ಟ. ಹಿಮದ ನಾಡಿನ ಸೇಂಟ್ ಬರ್ನಾರ್ಡ್ ಜಾತಿ, ತೂಕ ನನಗಿಂತ ಸ್ವಲ್ಪವೇ ಕಡಿಮೆ. ಹಾಸನದ ನನ್ನ ಬಾಡಿಗೆ ಮನೆಯಲ್ಲಿ ಎರಡು ವರ್ಷ ಇತ್ತು. ಆಮೇಲೆ ಶಾಂತಿಗ್ರಾಮದಲ್ಲಿ ಅಕ್ಕನ ಕೊಟ್ಟಿಗೆಯ ಪಕ್ಕ ಒಂದು ವರ್ಷ ತುಂಬುವ ಮೊದಲೇ ಸತ್ತಿತು. ಹೇಗೆ ಸತ್ತಿತು ಎಂಬುದನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ನಾನು ಹಾಸನದಲ್ಲಿ ಪತ್ರಿಕೆಯೊಂದರ ವರದಿಗಾರ. ಪಕ್ಕದ ಮನೆಯವರಿಗೆ ದೂರದ ಊರಿಗೆ ವರ್ಗವಾದಾಗ ನಾಯಿಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ ಎಂದು ಕೇಳಿಕೊಂಡು ಬಂದರು. ನಾನು ಒಪ್ಪಿಕೊಂಡೆ. ಹೋಗುವ ಮುನ್ನ ಆ ಮನೆಯ ಯಜಮಾನರು ಒಂದು ತಂತಿ ಬ್ರಷ್ಷು, ಅಗಲ ಹಲ್ಲಿನ ಒಂದು ಸ್ಟೀಲ್ ಬಾಚಣಿಗೆ ಕೊಟ್ಟು, ಒಂದು ಸಂಜೆ ಕೂತು ಕಲಿಸಿದರು. ಮೇಲೆ ಮೇಲೆ ಬಾಚಬಾರದು. ಹಿಂಗಾಲಿನಿಂದ ಶುರುಮಾಡಬೇಕು. ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಬೈತಲೆ ತೆಗೆದಂತೆ ಒಂದು ಗೆರೆ ಮಾಡಿ, ಚರ್ಮದ ಬುಡದಿಂದ ಹೊರಕ್ಕೆ ಎಳೆಯಬೇಕು. ಒಂದು ಗೆರೆ ಮುಗಿದರೆ ಅದರ ಮೇಲಿನದು. ಕಿವಿಯ ಹಿಂದೆ, ಕಂಕುಳು, ಬಾಲದ ಬುಡ, ಈ ಮೂರು ಕಡೆ ಎರಡು ಸಲ. ಸ್ನಾನ ಮಾಡಿಸಿದರೆ ಒಳಕೂದಲು ಒಣಗುವ ತನಕ ಬಿಡಬಾರದು. ಪೂರ್ತಿ ಬಾಚಲು ಎರಡು ಗಂಟೆ ಬೇಕು. ‘ವಾರಕ್ಕೊಂದು ಸಲ ತಪ್ಪಿಸಬೇಡಿ, ಅಷ್ಟೇ’ ಎಂದರು. ಅಷ್ಟೇ ಇದ್ದದ್ದು.

ಬಾಡಿಗೆ ಮನೆ ಕೈಬದಲಾಯಿತು. ಹೊಸ ಯಜಮಾನರಿಗೆ ನಾಯಿ ಆಗದು. ಆಗ ಅಕ್ಕ ಒಪ್ಪಿಕೊಂಡಳು. ಅಕ್ಕ, ಭಾವನಿಗೆ ಶಾಂತಿಗ್ರಾಮದಲ್ಲಿ ತೆಂಗಿನ ತೋಟ, ಮೂರು ಹಸು, ಎರಡು ಎಮ್ಮೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ. ಗೂಡ್ಸ್ ಆಟೋದಿಂದ ನಾಯಿ ಇಳಿದಾಗ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

‘ಏನ್ಲಾ ಇದು, ಕರಡಿ ಇಡ್ಕಂಡು ಬಂದಿದ್ದೀಯ?’

‘ಎಮ್ಮೆ ಮೇವೇ ಸಾಲ್ದು, ಇದ್ಕೆಷ್ಟು ಮುದ್ದೆ ಬೇಕು ಕೇಳು ನಿನ್ ತಮ್ಮುನ್ನ’ ಎಂದರು ಭಾವ.

ಅಕ್ಕ ಒಂದು ಕರಾರು ಹಾಕಿದಳು. ‘ಅನ್ನ ಆಕದು ನಂದು, ತಲೆ ಬಾಚದು ನಿಂದು. ನನ್ ತಲೆ ಬಾಚ್ಕಳಕ್ಕೇ ಪುರುಸೊತ್ತಿಲ್ಲ ನಂಗೆ. ಬಾನುವಾರ ಬಾನುವಾರ ಬಂದು ಬಾಚ್ಬುಟ್ಟು ಓಗು.’

ಮೊದಲ ನಾಲ್ಕು ತಿಂಗಳು ಹೋದೆ. ಬಸ್ಸಿನಲ್ಲಿ ದೂರವೇನಲ್ಲ. ಕಲ್ಲುಬೆಂಚಿನ ಪಕ್ಕ ಗೋಣಿಚೀಲ ಹಾಸಿದರೆ ನಾಯಿ ತಾನಾಗಿ ಬಂದು ಮಗ್ಗುಲಾಗಿ ಮಲಗುತ್ತಿತ್ತು. ಒಂದು ಕಡೆ ಮುಗಿದಾಗ ಬೆನ್ನು ತಟ್ಟಿದರೆ ಎದ್ದು ಇನ್ನೊಂದು ಮಗ್ಗುಲಿಗೆ ತಿರುಗುತ್ತಿತ್ತು. ಉದುರಿದ ಒಳಕೂದಲನ್ನು ಅಕ್ಕ ಬಿಸಾಡಲು ಬಿಡಲಿಲ್ಲ. ತೊಳೆದು ಒಣಗಿಸಿ, ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿ ಅಟ್ಟದ ಮೇಲಿಟ್ಟಳು. ‘ಹತ್ತಿಗಿಂತ ಮೆತ್ತಗೈತೆ. ಒಂದು ದಿಂಬು ಆಯ್ತದೆ ನೋಡ್ತಿರು.’

ಆಮೇಲೆ ಭಾನುವಾರಗಳು ತಪ್ಪತೊಡಗಿದವು. ಒಂದು ಭಾನುವಾರ ಹೊಳೆನರಸೀಪುರದಲ್ಲಿ ಸಭೆ, ಇನ್ನೊಂದು ಭಾನುವಾರ ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆಗಾರರ ಧರಣಿ, ಮತ್ತೊಂದು ಭಾನುವಾರ ಚನ್ನರಾಯಪಟ್ಟಣದ ಕಾಯಿ ಮಾರುಕಟ್ಟೆ. ಇವೆಲ್ಲ ನಿಜವಾದ ಕೆಲಸಗಳೇ. ಆದರೆ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಬಸ್ಸು ಶಾಂತಿಗ್ರಾಮದಲ್ಲಿ ನಿಲ್ಲುತ್ತದೆ. ನಾನು ಇಳಿಯಲಿಲ್ಲ. ಮೂರು ವಾರಕ್ಕೊಮ್ಮೆ ಹೋದಾಗ ಎರಡು ಗಂಟೆಯ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆ. ಮೇಲೆ ಮೇಲೆ ಬಾಚಿದೆ. ಹೊರಗಿನ ಉದ್ದ ಕೂದಲು ನಯವಾಗಿ ಕೂತರೆ ನೋಡುವವರಿಗೆ ನಾಯಿ ಚೆನ್ನಾಗಿಯೇ ಕಾಣುತ್ತದೆ. ಕಂಕುಳಿನ ಹತ್ತಿರ ಬಾಚಣಿಗೆ ಹೋದಾಗ ಅದು ಒಮ್ಮೆ ಹಲ್ಲು ತೋರಿಸಿತು. ಅದೇ ಮೊದಲು. ಆ ಜಾಗ ಬಿಟ್ಟು ಮುಂದೆ ಬಾಚಿದೆ.

ಚಳಿಗಾಲದ ಕೊನೆಯಲ್ಲಿ ಚುಚ್ಚುಮದ್ದು ಹಾಕಿಸಲು ಹಾಸನದ ಪಶುವೈದ್ಯೆಯ ಹತ್ತಿರ ಕರೆತಂದೆ. ಅವರು ಕಿವಿಯ ಹಿಂದೆ ಬೆರಳಿಟ್ಟು, ಒಳಗೆ ತೂರಿಸಲಾಗದೆ ನಿಂತರು.

‘ಸರ್, ಒಳಗಡೆ ಜಡೆಗಟ್ಟಿದೆ. ಬಾಚ್ತಾ ಇದ್ದೀರಾ?’

‘ಬಾಚ್ತೀನಿ ಮೇಡಂ. ಬೇಸಿಗೆ ಬಂತಲ್ಲ, ಪೂರ್ತಿ ಬೋಳಿಸಿಬಿಟ್ರೆ ಹೇಗೆ?’

‘ಬೇಡವೇ ಬೇಡ. ಮೇಲಿನ ಕೂದಲು ಇದಕ್ಕೆ ಕೊಡೆ ಇದ್ದ ಹಾಗೆ. ಬಿಸಿಲಿಗೂ ಅದೇ, ಮಳೆಗೂ ಅದೇ. ಬುಡಕ್ಕೆ ತೆಗೆದ್ರೆ ಕೆಲವಕ್ಕೆ ಮತ್ತೆ ಸರಿಯಾಗಿ ಬರೋದೇ ಇಲ್ಲ. ಗಂಟು ಇರೋ ಕಡೆ ಮಾತ್ರ ನಿಧಾನವಾಗಿ ಬಿಡಿಸಿ, ಬಿಡಿಸೋಕೆ ಆಗದ್ದನ್ನ ಇಲ್ಲಿಗೆ ತನ್ನಿ.’

ಅಭ್ಯಾಸಬಲದಿಂದ ಅದನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ. ನಾಯಿಯನ್ನು ಮರಳಿ ಬಿಡುವಾಗ ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಗಂಟು ಯಾಕೆ ಆಯಿತು ಎಂಬ ಪ್ರಶ್ನೆ ಬರುತ್ತಿತ್ತು.

ನಮ್ಮ ಕಡೆ ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಎಮ್ಮೆಗಳಿಗೆ ಕ್ಷೌರ ಮಾಡಿಸುತ್ತಾರೆ. ಮೈಯೆಲ್ಲ ನೆನೆಸಿ, ಕತ್ತಿಯಲ್ಲಿ ನುಣ್ಣಗೆ ಬೋಳಿಸಿ, ಹರಳೆಣ್ಣೆ ಹಚ್ಚುತ್ತಾರೆ. ಎಮ್ಮೆಗೆ ಹೇನು ಹೋಗುತ್ತದೆ, ಮೈ ತಂಪಾಗುತ್ತದೆ, ಹಾಲೂ ಕಡಿಮೆಯಾಗುವುದಿಲ್ಲ ಎಂಬುದು ಅಕ್ಕ ಅತ್ತೆಯಿಂದ ಕಲಿತದ್ದು. ಆ ಕೆಲಸ ಮಾಡುವ ಒಬ್ಬ ಮುದುಕ ಪ್ರತಿವರ್ಷ ಅಕ್ಕನ ಮನೆಗೆ ಬರುತ್ತಾನೆ.

ನಾನು ಪತ್ರಿಕಾಗೋಷ್ಠಿಯೊಂದರಲ್ಲಿ ಕೂತಿದ್ದಾಗ ಅಕ್ಕನ ಫೋನು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದೆ.

‘ಲೇ, ಎಮ್ಮೆ ಬೋಳ್ಸೋನು ಬಂದವ್ನೆ. ಕರಡಿ ನಾಲ್ಗೆ ಇಳೇ ಬಿಟ್ಕಂಡು ಬಿದ್ದೈತೆ ಕಣ್ಲಾ, ನೋಡಕ್ಕಾಗ್ತಿಲ್ಲ. ಅದ್ಕೂ ಒಂದ್ ಕೈ ಆಕುಸ್ಬುಡ್ಲಾ?’

ವೇದಿಕೆಯ ಮೇಲಿದ್ದವರು ಏನೋ ಮುಖ್ಯವಾದದ್ದನ್ನು ಹೇಳುತ್ತಿದ್ದರು. ಏನೆಂದು ಈಗ ನೆನಪಿಲ್ಲ.

‘ನಿನ್ನಿಷ್ಟ ಅಕ್ಕ. ಆಮೇಲೆ ಮಾಡ್ತೀನಿ’ ಎಂದು ಇಟ್ಟೆ. ಆಮೇಲೆ ಮಾಡಲಿಲ್ಲ.

ಸಂಜೆ ಭಾವ ಒಂದು ಫೋಟೋ ಕಳಿಸಿದರು. ಕೊಟ್ಟಿಗೆಯ ಮುಂದೆ ಸಾಲಾಗಿ ಮೂರು ಪ್ರಾಣಿಗಳು, ಮೂರೂ ಎಣ್ಣೆಯಲ್ಲಿ ಮಿಂಚುತ್ತಿದ್ದವು. ಕೆಳಗೆ ಬರೆದಿದ್ದರು: ‘ಮೂರನೇ ಎಮ್ಮೆ ತಂದಿದ್ದೀವಿ, ಎಷ್ಟು ಹಾಲು ಕೊಡ್ತದೆ ಪೇಪರ್ನಲ್ಲಿ ಹಾಕ್ಸಿ.’

ಮರುದಿನ ಬೆಳಿಗ್ಗೆಯೇ ಹೋದೆ. ಕೂದಲಿಲ್ಲದ ನಾಯಿ ನಾನು ತಿಳಿದಿದ್ದ ನಾಯಿಯ ಅರ್ಧದಷ್ಟಿತ್ತು. ಗುಲಾಬಿ ಚರ್ಮ, ಅಲ್ಲಲ್ಲಿ ಕಪ್ಪು ಮಚ್ಚೆ, ಕತ್ತಿ ತಾಗಿದ ಗೆರೆಗಳು. ಬಾಲ ಹಗ್ಗದಂತಾಗಿತ್ತು. ಅದು ಎದ್ದು ಬಂದು ಎಂದಿನಂತೆ ನನ್ನ ಕಾಲಿಗೆ ಒರಗಿತು. ಪ್ಯಾಂಟಿಗೆ ಎಣ್ಣೆ ಹತ್ತಿತು.

‘ಎಂಗೆ ಅಗುರಾಗೈತೆ ನೋಡು’ ಎಂದು ಅಕ್ಕ ಶುರುಮಾಡಿದವಳು ದನಿ ತಗ್ಗಿಸಿದಳು. ‘ಒಳಗೆಲ್ಲ ಕಂಬ್ಳಿ ತರ ಗಟ್ಟಿಯಾಗೋಗಿತ್ತು ಕಣ್ಲಾ. ಚರ್ಮಕ್ಕೆ ಅಂಟ್ಕಂಡು, ಅದ್ರ ಅಡೀಲಿ ಕೊಳೀತಿತ್ತು. ನೀನ್ ಬಾಚ್ತಿದ್ದಲ್ಲ, ನಿಂಗೆ ಕಾಣ್ಲಿಲ್ವಾ?’

‘ಕಾಣ್ಲಿಲ್ಲ’ ಎಂದೆ.

ಕಂಕುಳಲ್ಲಿ ಅಂಗೈಯಗಲ ಹಸಿ ಗಾಯವಿತ್ತು. ಅದರ ಮೇಲೂ ಹರಳೆಣ್ಣೆ ಹಚ್ಚಿದ್ದರು.

ಮುಂದಿನದನ್ನು ಕ್ರಮವಾಗಿ ಬರೆಯಬಲ್ಲೆ. ಹಗಲು ಅದನ್ನು ತೆಂಗಿನ ಮರದ ನೆರಳಲ್ಲಿ ಕಟ್ಟುತ್ತಿದ್ದರು. ತೆಂಗಿನ ನೆರಳು ನಿಂತಲ್ಲಿ ನಿಲ್ಲುವುದಿಲ್ಲ. ಎರಡನೇ ವಾರಕ್ಕೆ ಬೆನ್ನು ಕೆಂಪಗೆ ಸುಟ್ಟು ಸಿಪ್ಪೆ ಎದ್ದಿತು. ಎಣ್ಣೆಗೆ ಧೂಳು ಕೂತು ಗಾಯ ಹರಡಿತು, ನೊಣ ಮುತ್ತಿತು, ಹುಳ ಬಿತ್ತು. ಅಕ್ಕ ಭಾವನ ಹಳೆಯ ಪಂಚೆ ಹರಿದು ನಾಲ್ಕು ಕಾಲಿಗೂ ತೂತಿಟ್ಟು ಅಂಗಿ ಹೊಲಿದಳು. ಡೇರಿಗೆ ಹಾಲು ಒಯ್ಯುತ್ತ ದಾರಿಯಲ್ಲಿ ಹೋಗುವವರು ನೋಡಿ ನಕ್ಕರು. ಅವಳು ನಗಲಿಲ್ಲ.

ಅಕ್ಕನೇ ಆಟೋ ಮಾಡಿಸಿ ಅದನ್ನು ಹಾಸನಕ್ಕೆ ತಂದಳು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದೆ. ಪಶುವೈದ್ಯೆ ಅಂಗಿ ಬಿಚ್ಚಿ ನೋಡಿದರು.

‘ಬೋಳಿಸೋಕೆ ಯಾರು ಹೇಳಿದ್ದು?’

‘ನಾನೇ ಕಣವ್ವ’ ಎಂದಳು ಅಕ್ಕ. ‘ಸೆಕೆಗೆ ಸಂಕ್ಟ ಪಡ್ತಿತ್ತು ಅಂತ.’

ವೈದ್ಯೆ ನನ್ನತ್ತ ನೋಡಿದರು. ಅವರಿಗೆ ನೆನಪಿತ್ತು. ನಾನು ಬಿಚ್ಚಿಟ್ಟ ಅಂಗಿಯನ್ನು ಮಡಿಸಿದೆ. ಅವರು ಮತ್ತೆ ಬಗ್ಗಿ ಗಾಯ ತೊಳೆಯಲು ಶುರುಮಾಡಿದರು. ಅಕ್ಕ ಅದರ ತಲೆಯನ್ನು ಎದೆಗೆ ಒತ್ತಿಕೊಂಡು, ‘ಇನ್ನೊಸಿ ತಡ್ಕ, ಇನ್ನೊಸಿ ಕಣ’ ಎನ್ನುತ್ತಿದ್ದಳು. ಹೊರಡುವಾಗ ಅವಳು ಕೇಳಿದ್ದು ಒಂದೇ ಮಾತು: ‘ಕೂದ್ಲು ಬತ್ತದಾ ಅವ್ವ?’ ಕಾದು ನೋಡೋಣ ಎಂದರು ವೈದ್ಯೆ.

ಅಲ್ಲಿಂದ ಮುಂದೆ ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಬಾಚಲು ಏನೂ ಇರಲಿಲ್ಲ. ಅಕ್ಕ ದಿನವೂ ಹಾಲು ಕರೆದ ಮೇಲೆ ಅದರ ಬೆನ್ನ ಮೇಲೆ ಅಂಗೈಯಾಡಿಸಿ, ಬಂದಿದೆಯಾ ಎಂದು ನೋಡುತ್ತಿದ್ದಳು. ಬಂತು, ತೇಪೆ ತೇಪೆಯಾಗಿ, ಒಳಗಿನ ಹತ್ತಿಯಂಥದ್ದು ಮಾತ್ರ. ಹೊರಗಿನ ಉದ್ದ ಕೂದಲು ಬರಲಿಲ್ಲ. ಮಳೆ ಶುರುವಾದಾಗ ಆ ಹತ್ತಿ ನೀರು ಕುಡಿದು ಚರ್ಮಕ್ಕೆ ಅಂಟಿ ಕೂತಿತು. ಎಷ್ಟು ಒರೆಸಿದರೂ ಒಣಗಲಿಲ್ಲ. ಹಿಮದ ನಾಯಿ ಆಷಾಢದ ಗಾಳಿಗೆ ನಡುಗಿತು. ಹಳೆಯ ಗಾಯಗಳು ಒಂದೊಂದಾಗಿ ಬಾಯಿಬಿಟ್ಟವು. ಜ್ವರ ಬಂತು, ಮುದ್ದೆ ಬಿಟ್ಟಿತು, ಒಂದು ಬೆಳಿಗ್ಗೆ ಏಳಲಿಲ್ಲ.

ವಯಸ್ಸೂ ಆಗಿತ್ತು, ಇಂಥ ದೊಡ್ಡ ಜಾತಿಯವು ಹೆಚ್ಚು ಬದುಕುವುದಿಲ್ಲ ಎಂದು ವೈದ್ಯೆ ಫೋನಿನಲ್ಲಿ ಹೇಳಿದರು. ಅದು ಸುಳ್ಳಲ್ಲ. ನನ್ನ ಮೇಲಿನ ತಪ್ಪಿನ ಹೊರೆ ಇಳಿಸಲೆಂದು ಹಾಗೆ ಹೇಳಿದರೋ ಏನೋ.

ನಾನು ಹೋಗುವ ಹೊತ್ತಿಗೆ ಭಾವ ತೋಟದಲ್ಲಿ ಗುಂಡಿ ತೋಡಿದ್ದರು. ಅಂಗಿ ಹಾಕಿದ್ದ ಹಾಗೆಯೇ ನಾಯಿಯನ್ನು ಇಬ್ಬರೂ ಹಿಡಿದು ಇಳಿಸಿದೆವು. ಅಕ್ಕ ಮನೆಯೊಳಗೆ ಹೋಗಿ ಅಟ್ಟದ ಮೇಲಿದ್ದ ಗೊಬ್ಬರದ ಚೀಲ ತಂದಳು. ನಾನು ಸರಿಯಾಗಿ ಬಾಚುತ್ತಿದ್ದ ನಾಲ್ಕು ತಿಂಗಳ ಕೂದಲು ಅದು. ಚೀಲದ ಬಾಯಿ ಬಿಚ್ಚಿ, ಅಷ್ಟನ್ನೂ ಅದರ ಮೈಮೇಲೆ ಹರಡಿದಳು. ತೇವಕ್ಕೆ ಅದು ಹಾರಲಿಲ್ಲ. ಬಿದ್ದಲ್ಲೇ ಕೂತಿತು.

‘ದಿಂಬು ಅಂತಿದ್ದೆ’ ಎಂದರು ಭಾವ.

‘ಬ್ಯಾಡ. ತಂಡಿ ಐತೆ’ ಎಂದಳು.

ಪಕ್ಕದ ತೋಟದ ಹೆಂಗಸು ಬೇಲಿಯಾಚೆ ನಿಂತು ಏನಾಗಿತ್ತು ಎಂದು ಕೇಳಿದಳು. ಅಕ್ಕ ಕಣ್ಣೊರೆಸಿಕೊಳ್ಳದೆ ಹೇಳಿದಳು: ‘ನಾನೇ ಬೋಳ್ಸಿ ಸಾಯಿಸ್ದೆ ಕಣಕ್ಕ. ನನ್ ತಮ್ಮುನ್ನ ಒಂದ್ ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಓದಿರೋನು, ಕೇಳಿದ್ರೆ ಬ್ಯಾಡ ಅಂತಿದ್ದ.’

ಆ ಫೋನು ಅವಳಿಗೆ ನಿಜವಾಗಿ ಮರೆತಿತ್ತೋ, ಇಲ್ಲವೋ, ನನಗೆ ಈವತ್ತಿಗೂ ಗೊತ್ತಿಲ್ಲ. ಜನರನ್ನು ಪ್ರಶ್ನೆ ಕೇಳುವುದೇ ನನ್ನ ಕೆಲಸ. ಅವಳನ್ನು ಕೇಳಿಲ್ಲ. ಹಾಗೆ ಹೇಳಿದ ಮೇಲೆ ಅವಳು ಒಂದು ಸಲ ನನ್ನ ಮುಖ ನೋಡಿದಳು. ಬೇಲಿಯಾಚೆಯ ಹೆಂಗಸೂ ನೋಡಿದಳು. ನಾನು ಭಾವನ ಕೈಯಿಂದ ಗುದ್ದಲಿ ತೆಗೆದುಕೊಂಡು ಮಣ್ಣು ಎಳೆಯತೊಡಗಿದೆ.