ಅಪ್ಪ ಮೆಚ್ಚದ ಕಂತುಗಳು

ರೇಡಿಯೊ ನಾಟಕ ನಡೆಯುವಾಗ ನಮ್ಮ ಮನೆಯಲ್ಲಿ ಬಾಯಿ ತೆರೆಯುವ ಹಕ್ಕು ಇದ್ದದ್ದು ಅಪ್ಪನಿಗೆ ಮಾತ್ರ. ರಾಜಾಜಿನಗರದ ವಠಾರವೊಂದರ ಕೊನೆಯ ಮನೆ ನಮ್ಮದು. ನಾನು ಆಗ ಕಾಲೇಜಿನ ಹುಡುಗಿ. ಬೆಂಗಳೂರಿಗೆ ಟಿ.ವಿ. ಇನ್ನೂ ಬಂದಿರಲಿಲ್ಲ. ಧಾರಾವಾಹಿಯಾಗಲಿ ಹಾಸ್ಯವಾಗಲಿ ಗೋಡೆಯ ಹಲಗೆಯ ಮೇಲೆ ಕೂತಿದ್ದ ದೊಡ್ಡ ರೇಡಿಯೊದಿಂದಲೇ ಬರಬೇಕಿತ್ತು. ಸ್ವಿಚ್ಚು ಹಾಕಿದ ಮೇಲೆ ಅದು ಬಿಸಿಯಾಗಿ ಮಾತಾಡಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಅಪ್ಪ ಕಾರ್ಖಾನೆಯಲ್ಲಿ ಟರ್ನರ್. ಅಲ್ಲಿನ ನೌಕರರ ನಾಟಕ ತಂಡದಲ್ಲಿ ಪ್ರತಿ ವರ್ಷ ಬಣ್ಣ ಹಚ್ಚುತ್ತಿದ್ದರು. ಮೈಕು ಕೈಕೊಟ್ಟರೂ ಕಡೆಯ ಸಾಲಿನವರೆಗೆ ಕೇಳುವ ಗಂಟಲು ಅವರದು. ಹಾಗಾಗಿ ರೇಡಿಯೊ ನಾಟಕದ ಒಂದೊಂದು ಕಂತಿನ ಮೇಲೂ ಅವರದೊಂದು ತೀರ್ಪು ಇರುತ್ತಿತ್ತು. ಬುಧವಾರ ಸಂಜೆ ಕೂಡುಕುಟುಂಬವೊಂದರ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಹಿರಿಯ ಮಗ ಮನೆ ಬಿಟ್ಟು ಹೋದ ಕಂತನ್ನು ಕೇಳಿ ನಾನು ಬಿಕ್ಕಿಬಿಕ್ಕಿ ಅತ್ತಿದ್ದೆ. ಅಪ್ಪ ಮೂಗು ಮುರಿದರು.

"ಮಗ ಇನ್ನೂ ಗೇಟು ದಾಟಿಲ್ಲ, ಆ ತಾಯಿ ಆಗ್ಲೇ ಇದ್ದಬದ್ದ ಅಳುನೆಲ್ಲ ಖಾಲಿ ಮಾಡ್ಕೊಂಬಿಟ್ಳು. ನಾಳೆ ಬೆಳಗ್ಗೆ ಅವನ ತಟ್ಟೆ ಕಣ್ಣಿಗೆ ಬಿದ್ದಾಗ ಏನ್ಮಾಡ್ತಾಳಮ್ಮ ಅವಳು?"

ಭಾನುವಾರದ ಹಾಸ್ಯವೆಂದರೆ ಅವರಿಗೆ ಇಷ್ಟ. ಕಳುವಾದ ತನ್ನ ಕೊಡೆಯನ್ನೇ ಕಳ್ಳನಿಂದ ಬಾಡಿಗೆಗೆ ತರುವ ಗುಮಾಸ್ತನ ಕಂತು ಬಂದ ದಿನ ನಕ್ಕು ನಕ್ಕು ಲೋಟದ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡರು. "ನೋಡು, ಅವನು ನಗಿಸೋಕೆ ಅಂತ ಹೋಗ್ಲೇ ಇಲ್ಲ. ಮಳೆ ಬರ್ತಿತ್ತು, ಅವನಿಗೆ ಕೊಡೆ ಬೇಕಿತ್ತು, ಅಷ್ಟೆ. ಅದಕ್ಕೇ ನಗು ಬಂತು" ಎಂದರು. ಅಮ್ಮನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ನಾಟಕ ಶುರುವಾದರೆ ಅವಳು ಒಳಗೆ ಕೂತು ಅಕ್ಕಿ ಆರಿಸುತ್ತಿದ್ದಳು.

ಒಂದು ಬೆಳಗ್ಗೆ ನಲ್ಲಿಯ ಪಕ್ಕದ ಗೋಡೆಗೆ ಕನ್ನಡಿ ತಗುಲಿಸಿ ಗಡ್ಡ ಮಾಡಿಕೊಳ್ಳುತ್ತಿದ್ದಾಗ ಅಪ್ಪನ ಕೈಯಿಂದ ಬ್ರಷ್ ಜಾರಿತು. ಅದನ್ನು ಎತ್ತಲು ಬಗ್ಗಿದವರು ಹಾಗೇ ಕುಸಿದರು. ಅರ್ಧ ಮುಖಕ್ಕೆ ಸೋಪಿನ ನೊರೆ ಇತ್ತು, ಇನ್ನರ್ಧ ಸೊಟ್ಟಗಾಗಿತ್ತು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ಹೋಯಿತು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಕಾಲು ಸ್ವಲ್ಪ ಸುಧಾರಿಸಬಹುದಮ್ಮ. ಮಾತು ಮಾತ್ರ ಮೊದಲ ಕೆಲವು ತಿಂಗಳಲ್ಲಿ ಬಂದ್ರೆ ಬಂತು, ಆಮೇಲೆ ಕಷ್ಟ" ಎಂದರು. ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಾದಂತಿತ್ತು. ದಿನಾ ಬೆಳಗ್ಗೆ ಬಜೆ ತೇಯ್ದು ಜೇನಲ್ಲಿ ಕಲೆಸಿ ಅವರ ನಾಲಿಗೆಗೆ ಹಚ್ಚುತ್ತಿದ್ದಳು. ಮಗುವಿಗೆ ಮಾತು ಬರಲಿ ಎಂದು ಹಚ್ಚುವಂತೆ. ಅಪ್ಪ ಕಣ್ಣು ಮುಚ್ಚಿಕೊಂಡು ನಾಲಿಗೆ ಚಾಚುತ್ತಿದ್ದರು. ಯಾರೋ ಹೇಳಿದರೆಂದು ಅವಳು ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಯ ನಾಟಿ ವೈದ್ಯರ ಬಳಿ ಎಣ್ಣೆ ತರಲು ಹೋಗುವಳು. ಬಸ್ಸು ಬರದಿದ್ದರೆ ನಡೆದೇ ಹೊರಡುವಳು. ಸಂಜೆ ಎಣ್ಣೆ ತಿಕ್ಕುತ್ತಾ, "ರೀ, ನನ್ನನ್ನ ಒಂದ್ಸಲ ಕರೀರಿ. ಬೈಯೋಕಾದ್ರೂ ಕರೀರಿ" ಎನ್ನುವಳು. ಅಪ್ಪನ ಬಾಯಿ ತೆರೆದುಕೊಳ್ಳುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು. ಉಸಿರಲ್ಲದೆ ಇನ್ನೇನೂ ಬರುತ್ತಿರಲಿಲ್ಲ.

ಅಷ್ಟೂ ದಿನ ಯಾರೂ ರೇಡಿಯೊ ಮುಟ್ಟಿರಲಿಲ್ಲ. ಒಂದು ಬುಧವಾರ ಅಮ್ಮ ಎಣ್ಣೆಗೆಂದು ಹೋದಾಗ, ಆ ಮನೆಯ ಮೌನ ತಡೆಯಲಾರದೆ ನಾನೇ ಹಾಕಿದೆ. ಧಾರಾವಾಹಿಯಲ್ಲಿ ಮನೆ ಬಿಟ್ಟಿದ್ದ ಹಿರಿಯ ಮಗ ವಾಪಸ್ಸು ಬಂದಿದ್ದ. ತಾಯಿ ಮತ್ತೆ ಅಳುತ್ತಿದ್ದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ರೇಡಿಯೊ ಬೇಡವಾಯಿತೋ, ಆ ಕಂತು ಹಿಡಿಸಲಿಲ್ಲವೋ ತಿಳಿಯಲಿಲ್ಲ. ತಿಳಿಯಲೇಬೇಕು ಅನ್ನಿಸಿತು.

"ಎಷ್ಟು ಚೆನ್ನಾಗಿ ಅತ್ಲು ಅಲ್ವಾಪ್ಪ?" ಎಂದೆ.

ಅಪ್ಪ ತಟ್ಟನೆ ನನ್ನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಹಳೆಯ ಸಿಟ್ಟು ಕಂಡಿತು. ಅಷ್ಟು ದಿನಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಆಮೇಲೆ ನಾನು ಅದನ್ನೇ ಹಿಡಿದುಕೊಂಡೆ. ಅಮ್ಮನಿಗೆ ಬಜೆ ಹೇಗೋ ನನಗೆ ರೇಡಿಯೊ ಹಾಗೆ. ಪ್ರತಿ ಕಂತನ್ನೂ ಅವರಿಗೆ ಕೇಳಿಸಿ, ಅವರು ಏನನ್ನು ಬೈಯುತ್ತಿದ್ದರೋ ಅದನ್ನು ಹೊಗಳುತ್ತಿದ್ದೆ, ಏನನ್ನು ಮೆಚ್ಚುತ್ತಿದ್ದರೋ ಅದನ್ನು ಹಳಿಯುತ್ತಿದ್ದೆ. ಹಾಸ್ಯದ ಗುಮಾಸ್ತ ಹೆಂಡತಿಯ ತವರಿಗೆಂದು ಹೋಗಿ ಬೇರೆ ಯಾರದೋ ಮನೆಯಲ್ಲಿ ಹಬ್ಬದೂಟ ಮುಗಿಸುವ ಕಂತು ನಿಜಕ್ಕೂ ಸೊಗಸಾಗಿತ್ತು. ಅಪ್ಪನ ಹೊಟ್ಟೆ ನಗುವಿಗೆ ಕುಲುಕುತ್ತಿದ್ದುದು ಕಾಣುತ್ತಿತ್ತು. "ಥೂ, ಒಂಚೂರೂ ನಗು ಬರ್ಲಿಲ್ಲ, ಅವನಿಗೆ ನಗಿಸೋಕೇ ಬರಲ್ಲ" ಎಂದೆ. ಅಪ್ಪ ಎಡಗೈಯಿಂದ ನೀರಿನ ಲೋಟವನ್ನು ನನ್ನತ್ತ ಎಸೆದರು. ಅದು ಬಾಗಿಲಿಗೆ ಬಡಿದು ಉರುಳಿತು. ಆಮೇಲೆ ಅವರು ಅತ್ತರು.

ಅಡಿಗೆಮನೆಯಿಂದ ಅಮ್ಮ ಓಡಿ ಬಂದಳು. "ಏನೇ ನಿಂಗೆ ಬಂದಿರೋದು? ಮಲಗಿರೋ ಮನುಷ್ಯನ್ನ ರೇಗಿಸ್ತೀಯಲ್ಲೇ!"

"ಸಿಟ್ಟು ಬಂದ್ರಾದ್ರೂ ಮಾತು ಬರುತ್ತೇನೋ ಅಂತಮ್ಮ."

"ಪ್ರಾಣ ಹೋದ್ರೆ?"

ಡಾಕ್ಟರು ಹೇಳಿದ ಗಡುವು ಮುಗಿಯುತ್ತಾ ಬಂದಿತ್ತು. ಅಮ್ಮ ಲೋಟ ಎತ್ತಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅವಳಿಗೂ ಬೇರೆ ದಾರಿ ಕಾಣಲಿಲ್ಲವೋ ಏನೋ, ರೇಡಿಯೊ ಹಾಕಬೇಡ ಎನ್ನಲಿಲ್ಲ. ಮುಂದಿನ ಬುಧವಾರ ತಾನೂ ಬಂದು ಅಪ್ಪನ ಕಾಲಬಳಿ ಕೂತಳು.

ಅಷ್ಟರಲ್ಲಿ ಧಾರಾವಾಹಿಯ ಅಜ್ಜನಿಗೂ ಲಕ್ವ ಹೊಡೆದಿತ್ತು. ಯಾಕೆ ಹಾಗೆ ಬರೆದರೋ ದೇವರೇ ಬಲ್ಲ. ಆಫ್ ಮಾಡಿಬಿಡೋಣ ಎಂದು ನಾನು ಎದ್ದೆ. ಅಮ್ಮ ನನ್ನ ಕೈ ಹಿಡಿದಳು. ಅಜ್ಜನಿಗೆ ಮಾತು ಬರಬಹುದೆಂದು ಅವಳಿಗೆ ಆಸೆ. ವಾರಗಟ್ಟಲೆ ಅವನು ಮಲಗಿಯೇ ಇದ್ದ. ಒಂದು ಕಂತಿನಲ್ಲಿ ಮೊಮ್ಮಗಳು ದೇವರ ಮುಂದೆ ಕೂತು ಹಾಡಿದಳು. ಗಂಟೆ ಮೊಳಗಿತು. ಅಜ್ಜ "ಅಮ್ಮಾ ಮಗಳೇ" ಎಂದು ಶುರುಮಾಡಿ, ಒಡೆದ ಮನೆ ಒಂದಾಗಬೇಕು ಎಂದು ಒಂದಿಷ್ಟೂ ತೊದಲದೆ ಉದ್ದುದ್ದ ಮಾತಾಡಿದ. ಅಮ್ಮ ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದಳು. ನಾನು ಅಪ್ಪನನ್ನು ನೋಡಿದೆ. ಅವರ ದವಡೆ ಅದುರುತ್ತಿತ್ತು.

"ಸುಳ್ಳು" ಎಂದರು ಅಪ್ಪ.

ಒರಟಾಗಿ, ಆದರೆ ಪೂರ್ತಿಯಾಗಿ ಬಂತು ಮಾತು. ಅಮ್ಮ ಒಂದು ಕ್ಷಣ ರೇಡಿಯೊ ಕಡೆಗೇ ನೋಡಿದಳು, ಅದು ಅಲ್ಲಿಂದ ಬಂತೇನೋ ಎನ್ನುವಂತೆ. ಆಮೇಲೆ ಅಪ್ಪನ ಪಾದಕ್ಕೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು. ಅಂಗಳಕ್ಕೆ ಓಡಿ, "ಇವರು ಮಾತಾಡಿದ್ರು, ಬನ್ರೇ" ಎಂದು ಕೂಗಿದಳು. ವಠಾರದ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. "ಇನ್ನೊಂದ್ಸಲ ಹೇಳಿ ಯಜಮಾನ್ರೇ" ಎಂದರು. ಅಪ್ಪ ಅವರನ್ನೆಲ್ಲ ನೋಡಿ, "ಸುಳ್ಳು" ಎಂದರು.

ಅಷ್ಟೇ. ಅದೊಂದೇ ಮಾತು ಬಂದದ್ದು. ನೀರು ಬೇಕಾದರೂ ಸುಳ್ಳು, ಕಾಲು ನೋವಾದರೂ ಸುಳ್ಳು. ಬೇರೆ ಮಾತಿಗೆಂದು ಬಾಯಿ ತೆರೆದರೂ ಅದೇ ಹೊರಬರುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ಅವರೇ ಬೆಚ್ಚಿ ಎಡಗೈಯಿಂದ ಬಾಯಿ ಒತ್ತಿಹಿಡಿಯುತ್ತಿದ್ದರು. ಅಮ್ಮ ಅನ್ನ ಕಲೆಸಿ ತಂದು, "ನಿಮಗಿಷ್ಟ ಅಂತ ಹುಳಿ ಮಾಡಿದೀನ್ರೀ" ಎನ್ನುವಳು. "ಸುಳ್ಳು." ಒಂದು ದಿನ ಅವಳು ತಟ್ಟೆ ಕೆಳಗಿಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. "ನನ್ನ ಮುಖಕ್ಕೇ ಸುಳ್ಳು ಅಂತಾರಲ್ಲೇ, ಇದಕ್ಕಿಂತ ಆ ಮೌನನೇ ವಾಸಿಯಾಗಿತ್ತು ಕಣೇ" ಎಂದು ಒಳಗಿಂದ ಅವಳು ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ. ಗಡುವು ಮುಗಿಯಿತು. ಇನ್ನು ಆಗದೆಂದು ಡಾಕ್ಟರು ತಲೆಯಾಡಿಸಿದರು.

ನಾನು ಕಾಲೇಜು ಬಿಟ್ಟು ವಿಜಯನಗರದ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಸಂಜೆ ಟ್ಯೂಷನ್ ಕೂಡ ಇದ್ದುದರಿಂದ ನಾಟಕಕ್ಕೆ ಮನೆಯಲ್ಲಿರುತ್ತಿರಲಿಲ್ಲ. ರೇಡಿಯೊ ಅಮ್ಮನ ಪಾಲಿಗೆ ಬಂತು. ಅಪ್ಪ ಆ ಒಂದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಆಡುತ್ತಾರೆ ಎಂದು ಅವಳು ಕಂಡುಕೊಂಡಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರುವಾಗುತ್ತಿತ್ತು.

"ಇವತ್ತಿನ ಕಂತು ಇವರಿಗೆ ಸೇರ್ಲಿಲ್ಲ ಕಣೇ. ಆಸ್ತಿ ಪಾಲಾಗುವಾಗ ಕಿರಿಯ ಮಗ ಸುಮ್ಮನಿರ್ಬೇಕಿತ್ತಂತೆ. ಸುಮ್ಮನಿದ್ರೆ ಅಣ್ಣನಿಗೆ ಇನ್ನೂ ಉರೀತಿತ್ತಂತೆ."

"ಇಷ್ಟನ್ನೂ ಅಪ್ಪ ಹೇಳಿದ್ರಾ?"

"ಮತ್ತೆ ನಾನು ಹೇಳ್ತೀನಾ? ನಂಗೇನು ಗೊತ್ತು ನಾಟಕದ್ದು?"

ನಾನು ಅಪ್ಪನ ಮುಖ ನೋಡುವೆ. ಅವರು ಅಮ್ಮನನ್ನು ನೋಡುತ್ತಿರುವರು. ಹೌದೆಂದೋ ಅಲ್ಲವೆಂದೋ ಆ ಮುಖದಲ್ಲಿ ಓದಲು ನನಗೆ ಆಗುತ್ತಿರಲಿಲ್ಲ.

ಎರಡನೆಯ ಸಲ ಲಕ್ವ ಹೊಡೆದಾಗ ಅಪ್ಪ ಉಳಿಯಲಿಲ್ಲ. ಮಧ್ಯಾಹ್ನ ಮಲಗಿದ್ದವರು ಏಳಲೇ ಇಲ್ಲ. ಅಮ್ಮ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳಂತೆ, ಉಸಿರು ನಿಂತದ್ದು ಗೊತ್ತಾಗಲಿಲ್ಲವಂತೆ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿದ ಮೇಲೆ ಸೋದರತ್ತೆ ಅಮ್ಮನ ಕೈ ಹಿಡಿದು, "ಕೊನೇಲಿ ಅಣ್ಣ ಏನಾದ್ರೂ ಹೇಳಿದ್ನಾ ಅತ್ತಿಗೆ?" ಎಂದು ಕೇಳಿದರು.

ಅಮ್ಮ ಸೆರಗು ಸರಿಮಾಡಿಕೊಂಡಳು. "ಹೇಳಿದ್ರು. ಮಗಳನ್ನ ಮತ್ತೆ ಕಾಲೇಜಿಗೆ ಕಳಿಸು ಅಂದ್ರು. ನನಗೆ, ನೀನು ತುಂಬಾ ಸುಸ್ತಾಗಿದೀಯ, ಇನ್ನು ಮಲಕ್ಕೋ ಹೋಗು ಅಂದ್ರು."

ಅತ್ತೆ ಕಣ್ಣೊರೆಸಿಕೊಂಡರು. ನಾನು ಅಮ್ಮನ ಪಕ್ಕಕ್ಕೆ ಸರಿದು ಕೂತೆ.