ಗಿಡದಲ್ಲೇ ಮುಪ್ಪಾದ ದಾಸವಾಳ

ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಿ ಮಗಳ ಫ್ಲ್ಯಾಟಿನ ಕೆಳಗೆ ನಿವಾಸಿಗಳೇ ಬೆಳೆಸಿದ ಪುಟ್ಟ ತೋಟವಿದೆ. ಬೆಳಗಿನ ವಾಕಿಂಗಿಗೆಂದು ನನ್ನ ಜೊತೆ ಇಳಿದ ಹೆಂಡತಿ ಅಲ್ಲಿನ ದಾಸವಾಳದ ಮುಂದೆ ನಿಂತುಬಿಟ್ಟಳು. ಇಂದಿನ ಹೂಗಳ ಪಕ್ಕದಲ್ಲೇ ನಿನ್ನೆಯವು, ಮಡಚಿಟ್ಟ ಕೊಡೆಗಳ ಹಾಗೆ ಸುರುಳಿ ಸುತ್ತಿಕೊಂಡು, ಕೆಂಪು ಮಾಗಿ ನೇರಳೆಗೆ ತಿರುಗಿ, ಹಳೇ ರೇಷ್ಮೆಯಂತೆ ಮಿರುಗುತ್ತಿದ್ದವು.

ಇಷ್ಟು ವಯಸ್ಸಾದರೂ ನಾನು ವಯಸ್ಸಾದ ದಾಸವಾಳವನ್ನು ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಮೈಸೂರಿನ ನಮ್ಮ ಬಡಾವಣೆಯಲ್ಲಿ ಹೂವು ಸರಿಯಾಗಿ ಅರಳುವ ಮೊದಲೇ ಯಾರೋ ಅದನ್ನು ಕಾಂಪೌಂಡಿನಾಚೆಯಿಂದ ಎಳೆದು, ಕಿತ್ತು, ತಮ್ಮ ಮನೆಯ ದೇವರಿಗೆ ಏರಿಸಿರುತ್ತಾರೆ. ಹಾಗೆ ಪ್ಲಾಸ್ಟಿಕ್ ಕವರು ಹಿಡಿದು ಹೊರಡುವವರ ನಾಯಕಿ ನನ್ನ ಹೆಂಡತಿ.

ಇಲ್ಲೂ ಅವಳ ಕೈ ತಾನಾಗಿಯೇ ಮೇಲೆದ್ದಿತು. ಗಿಡಗಳಿಗೆ ನೀರು ಹಾಕುತ್ತಿದ್ದ ಚೀನೀ ಅಂಕಲ್ ನೋಡಿಯೇಬಿಟ್ಟರು.

“ಟೇಕ್ ಲಾ, ಆಂಟಿ!” ಎಂದು ನಕ್ಕರು.

ಎತ್ತಿದ ಕೈ ಸರಕ್ಕನೆ ಕೆಳಗಿಳಿಯಿತು.

“ಅವರೇ ಹೇಳ್ತಿದಾರಲ್ಲ, ಕಿತ್ಕೋ” ಎಂದೆ.

“ಬೇಡ, ಗಿಡದಲ್ಲೇ ಇರ್ಲಿ ಬಿಡಿ.” ಅವಳು ಬಾಡಿದ ಹೂವನ್ನೊಮ್ಮೆ, ನನ್ನ ಬೋಳುತಲೆಯನ್ನೊಮ್ಮೆ ನೋಡಿದಳು. “ವಯಸ್ಸಾದ್ಮೇಲೂ ಚೆನ್ನಾಗಿ ಕಾಣೋರು ಇದಾರೆ ರೀ ಲೋಕದಲ್ಲಿ.”